ರಿಮೋಟ್ ಇರುವಾಗ ಎದ್ದು ಹೋಗುವುದೇ?

ಕೈಯಲ್ಲಿ ರಿಮೋಟ್ ಇಟ್ಟುಕೊಂಡೂ ಎದ್ದು ಹೋಗಿ ಗುಂಡಿ ಒತ್ತುವವನು ವಿಜ್ಞಾನದ್ರೋಹಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹೀಗೆನ್ನುವ ಅಧಿಕಾರವೂ ನನಗಿದೆ. ಇಪ್ಪತ್ತೆರಡು ವರ್ಷದಿಂದ ನಾನು ಲಿಫ್ಟ್ ಮೆಕ್ಯಾನಿಕ್. ಗುಂಡಿಯ ವಿಷಯದಲ್ಲಿ ನನ್ನೆದುರು ಬಾಯಿ ತೆರೆಯಲು ಗುಂಡಿಗೆ ಬೇಕು.

ನನ್ನ ಹೆಂಡತಿಗೆ ಅದಿದೆ. ಅವಳು ಭಾನುವಾರ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ಅರವತ್ತು ದಾಟಿದ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುತ್ತಾಳೆ. ಆ ಭಾನುವಾರ ಬಡಾವಣೆಯ ಸಂಘದ ಕಾರ್ಯದರ್ಶಿ ಮೇಡಂ ತರಗತಿ ನೋಡಲು ಬರುವವರಿದ್ದರು. ಅವರಿಗೆ ಮೆಚ್ಚುಗೆಯಾದರೆ ಸಂಘದ ದೊಡ್ಡ ಸಭಾಂಗಣವೇ ಅವಳಿಗೆ ಸಿಗುತ್ತಿತ್ತು. ಅದಕ್ಕಾಗಿ ಮೂರು ವರ್ಷದಿಂದ ಅಲೆದಿದ್ದಳು. ಗ್ರಹಚಾರ ನೋಡಿ, ಹಿಂದಿನ ದಿನವೇ ಅವಳ ಗಂಟಲು ಕಟ್ಟಿತು. ಪುಣ್ಯಕ್ಕೆ, ಇಡೀ ವ್ಯಾಯಾಮವನ್ನು ಅವಳದೇ ದನಿಯಲ್ಲಿ ಮುದ್ರಿಸಿದ್ದ ಒಂದು ಸಿ.ಡಿ. ಇತ್ತು. ಅದನ್ನು ನಡೆಸುವ ಮಹತ್ಕಾರ್ಯ ನನ್ನ ಹೆಗಲೇರಿತು.

"ಪ್ಲೇಯರ್ ಪಕ್ಕದಲ್ಲೇ ಕೂತ್ಕೊಳ್ಳಿ," ಎಂದು ಪಿಸುಗುಟ್ಟಿದಳು.

"ದೂರ ಕೂರೋದಕ್ಕೇ ಕಣೇ ರಿಮೋಟ್ ಇರೋದು," ಎಂದು ನಾನು ಈಚೆ ಗೋಡೆಗೆ ಕುರ್ಚಿ ಎಳೆದುಕೊಂಡೆ. ಗಂಟಲು ನೆಟ್ಟಗಿದ್ದಿದ್ದರೆ ಇನ್ನೇನನ್ನುತ್ತಿದ್ದಳೋ. ಅತಿಥಿಯನ್ನು ಎದುರುಗೊಳ್ಳಲು ಗೇಟಿನತ್ತ ಹೋದಳು.

ಹನ್ನೊಂದು ಮಂದಿ ಬಂದರು. ನಾನು ರಾಜಠೀವಿಯಿಂದ ಗುಂಡಿ ಒತ್ತಿದೆ. ಎದುರು ಮೂಲೆಯಿಂದ ಹೆಂಡತಿಯ ದನಿ ಮೊಳಗಿತು: ಎರಡೂ ಕೈ ಮೇಲೆತ್ತಿ, ನಾನು ಹೇಳುವವರೆಗೂ ಇಳಿಸಬೇಡಿ. ಇಪ್ಪತ್ತೆರಡು ಕೈಗಳು ಮೇಲೆದ್ದವು. ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಹೆಡ್‌ಮಿಸ್ ಸರಿಯಾಗಿ ಕೇಳಿಸುತ್ತಿಲ್ಲ ಎಂದರು. ದನಿ ಹೆಚ್ಚಿಸಲು ಹೋದೆ, ಹೆಬ್ಬೆರಳು ಜಾರಿತು, ದನಿಯೇ ನಿಂತುಹೋಯಿತು.

ಮತ್ತೆ ಒತ್ತಿದೆ. ಹತ್ತು ಸಲ ಒತ್ತಿದೆ. ಊಹೂಂ. ಅಷ್ಟರಲ್ಲಿ ಮುಂದಿನ ಸಾಲಿನವರೊಬ್ಬರು ಅರ್ಧ ಹೆಜ್ಜೆ ಸರಿದು ಪ್ಲೇಯರಿಗೆ ಕೋಟೆಗೋಡೆಯಂತೆ ಅಡ್ಡ ನಿಂತಿದ್ದರು. ಲಿಫ್ಟಿನ ಬಾಗಿಲಲ್ಲಿ ಕಿರಣಕ್ಕೆ ಆಳು ಅಡ್ಡ ಬಂದರೆ ಏನಾಗುತ್ತದೆಂದು ಕೆಲಸಕ್ಕೆ ಸೇರಿದವರಿಗೆಲ್ಲ ಪಾಠ ಮಾಡುವವನು ನಾನು. ಸ್ವಲ್ಪ ಸರಿಯಿರಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಯಂತ್ರ ಬಲ್ಲವನು ಅಂಗಲಾಚುವುದೇ?

ಹೆಂಡತಿ ಕಿಟಕಿಯಲ್ಲಿ ಇಣುಕಿದಳು. "ಎದ್ದು ಹೋಗಿ ಒತ್ರೀ."

"ಆಗಲ್ಲ."

"ಯಾಕೆ, ಕಾಲಿಗೇನಾಗಿದೆ?"

"ಕಾಲಿನ ಪ್ರಶ್ನೆ ಅಲ್ಲ, ತತ್ವದ ಪ್ರಶ್ನೆ."

ಗೇಟು ಕಿರ್ರೆಂದಿತು. ಅವಳು ಓಡಿದಳು.

ನಾನು ಕುರ್ಚಿ ಹತ್ತಿ ತಲೆಗಳ ಮೇಲಿಂದ ಗುರಿಯಿಟ್ಟೆ. ಕೈಗಳು ಅಡ್ಡ. ತುದಿಗಾಲಲ್ಲಿ ನಿಂತು ಎಡಕ್ಕೆ ಬಳುಕಿದೆ, ಬಲಕ್ಕೆ ಬಳುಕಿದೆ. ಕುಕ್ಕುರುಗಾಲಲ್ಲಿ ಕೂತು ಎರಡು ಸೀರೆಗಳ ಸಂದಿ ಹುಡುಕಿದೆ. ಆ ತಾಯಂದಿರ ಶಿಸ್ತು ಎಂಥದ್ದೆಂದರೆ, ದನಿ ಅಪ್ಪಣೆ ಕೊಡದೆ ಒಬ್ಬರೂ ಕೈ ಇಳಿಸಲಿಲ್ಲ. ಕೈ ಬಿದ್ದೇ ಹೋಗುತ್ತದೆ ಕಣಪ್ಪ ಎಂದು ಹೆಡ್‌ಮಿಸ್ ನರಳಿದರು. ಇದೋ ಆಯಿತು ಎಂದು ಧೈರ್ಯ ಹೇಳಿ, ಕೊನೆಗೆ ನೆಲದ ಮೇಲೆ ಬೋರಲು ಬಿದ್ದು, ಪಾದಗಳ ನಡುವಿನಿಂದ ಸಿಕ್ಕಿದ ಗುಂಡಿಯನ್ನೆಲ್ಲ ಒತ್ತಿದೆ.

ಕಿರಣ ಮುಟ್ಟಿತು. ಆದರೆ ಸಿ.ಡಿ. ನೇರವಾಗಿ ಕೊನೆಯ ಪಾಠಕ್ಕೆ ಜಿಗಿಯಿತು: ಅಂಗಾತ ಮಲಗಿ, ಕಣ್ಣು ಮುಚ್ಚಿ. ಹನ್ನೊಂದು ಮಂದಿಯೂ ಕಡಿದ ಬಾಳೆಗಿಡಗಳಂತೆ ಉರುಳಿದರು. ಹೆಡ್‌ಮಿಸ್ ಗೊರಕೆಯನ್ನೇ ಶುರುಮಾಡಿದರು. ಈಗ ನನಗೂ ಪ್ಲೇಯರಿಗೂ ನಡುವೆ ಒಂದು ನರಪಿಳ್ಳೆಯ ಅಡ್ಡಿಯೂ ಇಲ್ಲ. ಗೆದ್ದೆ ಎಂದುಕೊಂಡು ದನಿ ಹೆಚ್ಚಿಸುವ ಗುಂಡಿಯನ್ನು ಸೇಡು ತೀರುವವರೆಗೆ ಅದುಮಿದೆ.

"ಉಸಿರು ಬಿಡಿ" ಎಂಬ ಗುಡುಗಿಗೆ ಕಿಟಕಿ ಗಾಜು ನಡುಗಿತು. ಮಲಗಿದ್ದವರೆಲ್ಲ ಚೀರಿ ಎದ್ದು ಕೂತರು.

ನಾನು ಬೋರಲು ಬಿದ್ದಲ್ಲಿಂದಲೇ ತಲೆಯೆತ್ತಿದೆ. ಬಾಗಿಲಲ್ಲಿ ಕಾರ್ಯದರ್ಶಿ ನಿಂತಿದ್ದರು. ಅವರ ಹಿಂದೆ ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಮೂರು ವರ್ಷದ ಅವಳ ಓಡಾಟ ನನ್ನ ಹೆಬ್ಬೆರಳಿನಲ್ಲಿ ಮುಗಿಯಿತೆಂದು ಮೊದಲ ಸಲ ಅನ್ನಿಸಿತು.

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿಕೊಂಡರು. ಕಿಟಕಿಯಿಂದ ಎಲ್ಲವನ್ನೂ ನೋಡಿದೆ ಎಂದರು. ಹೆಂಗಸರ ವಿಚಾರ ಹಾಗಿರಲಿ, ಗಂಡಸೊಬ್ಬರು ಈ ವಯಸ್ಸಿನಲ್ಲಿ ಕುರ್ಚಿ ಹತ್ತಿ, ಬಳುಕಿ, ಕುಕ್ಕುರು ಕೂತು, ಬೋರಲು ಮಲಗಿ ಇಷ್ಟು ಶ್ರದ್ಧೆಯಿಂದ ವ್ಯಾಯಾಮ ಮಾಡುವುದನ್ನು ತಾವು ಕಂಡೇ ಇಲ್ಲವಂತೆ. ಸಭಾಂಗಣ ಕೊಟ್ಟಾಯಿತು. ಗಂಡಸರಿಗೂ ದಿನಾ ಬೆಳಿಗ್ಗೆ ಐದೂವರೆಗೆ ತರಗತಿ ನಡೆಯಲಿ, ಮೊದಲ ಹೆಸರು ಇವರದ್ದೇ ಇರಲಿ ಎಂದರು.

ನನ್ನ ಸ್ವಾಭಿಮಾನ ಕೆರಳಿತು. "ಮೇಡಂ, ನಾನು ವ್ಯಾಯಾಮ ಮಾಡ್ತಿರಲಿಲ್ಲ. ಸಿ.ಡಿ. ಪ್ಲೇಯರ್ ನಡೆಸ್ತಿದ್ದೆ."

ಅವರು ಪ್ಲೇಯರನ್ನು ನೋಡಿದರು. ನನ್ನನ್ನು ನೋಡಿದರು. ನಡುವಿನ ಆರು ಹೆಜ್ಜೆ ನೆಲವನ್ನೂ ನೋಡಿದರು.

"ಎದ್ದು ಹೋಗಿ ಒತ್ತೋದು ಬಿಟ್ಟು, ಅಷ್ಟಕ್ಕೆ ಇಷ್ಟೆಲ್ಲ ಮಾಡಿದ್ರಾ?"

ಹೆಂಡತಿ, ಹನ್ನೊಂದು ಮಂದಿ ಹೆಂಗಸರು, ಎಲ್ಲರೂ ನನ್ನ ಉತ್ತರಕ್ಕೆ ಕಾದರು. ನಾನು ಎದ್ದು ಅಂಗಿಯ ಧೂಳು ಕೊಡವಿಕೊಂಡೆ.

"ವ್ಯಾಯಾಮಾನೇ ಮೇಡಂ," ಎಂದೆ. "ಐದೂವರೆಗೆ ಅಂದ್ರಲ್ವಾ?"