ಡೇರೆಯೊಳಗಿನ ತಗಡಿನ ಒಲೆ

ಇನ್ನೊಬ್ಬರಿಗೆ ಎಚ್ಚರಿಕೆ ಹೇಳುವುದೆಂದರೆ ನನಗೆ ಮೊದಲಿನಿಂದಲೂ ಭಾರಿ ಉತ್ಸಾಹ. ಬಾವಿಕಟ್ಟೆಯ ಮೇಲೆ ಕೂತವರನ್ನು ಎಬ್ಬಿಸುತ್ತೇನೆ; ಬಣವೆಯ ಹತ್ತಿರ ಬೀಡಿ ಸೇದುವವರನ್ನು ಗದರಿಸುತ್ತೇನೆ. ಅದೇ ಎಚ್ಚರಿಕೆಯನ್ನು ನಾನು ಪಾಲಿಸಬೇಕಾಗಿ ಬಂದಾಗ ಮಾತ್ರ ಯಾವುದೋ ತುರ್ತು ಕೆಲಸ ನೆನಪಾಗುತ್ತದೆ.

ನಿಜಾಮರ ಕಾಲದಲ್ಲಿ ನಾನು ಜಮೀನು ಅಳೆಯುವ ಸರ್ವೆಯವರ ಜೊತೆ ಗುಮಾಸ್ತನಾಗಿದ್ದೆ. ಕಾಗದಪತ್ರವೆಲ್ಲ ಉರ್ದುವಿನಲ್ಲಿ, ಬೈಗುಳವೆಲ್ಲ ಕನ್ನಡದಲ್ಲಿ. ಈ ತಿಂಗಳು ತಳಕಲ್ಲಿನ ಸೀಮೆ, ಮುಂದಿನ ತಿಂಗಳು ಇನ್ನೆಲ್ಲೋ; ಮನೆಯೆಂದರೆ ಒಂದು ಡೇರೆ. ಮದುವೆಯಾದ ಹೊಸತು. ಹೆಂಡತಿ ನೀಲವ್ವ ತಾನೂ ಬರುತ್ತೇನೆಂದು ಹಟ ಹಿಡಿದು ಬಂದಳು. ಎರೆಹೊಲದ ಬಯಲಿನಲ್ಲಿ ಚಳಿಗಾಳಿ ಡೇರೆಯನ್ನು ಬಡಿಯತೊಡಗಿದಾಗ, ಕೊಪ್ಪಳದ ತಗಡಿನ ಕೆಲಸದವನಿಂದ ಒಂದು ಒಲೆ ಮಾಡಿಸಿದೆ. ಸೀಮೆಎಣ್ಣೆ ಡಬ್ಬಿಯ ಹೊಟ್ಟೆ, ಹೊಗೆ ಡೇರೆಯ ಹೊರಗೆ ಹೋಗಲು ಉದ್ದನೆಯ ಕೊಳವೆ. ಕೊಡುವಾಗ ಅವನು, “ವಾರಕ್ಕೊಮ್ಮೆ ಕೊಳವಿ ಬಿಚ್ಚಿ ಮಸಿ ಜಾಡಸ್ರಿ. ಒಲಿ ಹಚ್ಚಿದಾಗ ಬಾಗಲಾ ಪೂರಾ ಮುಚ್ಚಬ್ಯಾಡ್ರಿ, ಕೆಟ್ಟ ಗಾಳಿ ತುಂಬತೈತಿ” ಎಂದ. ನಾನು ಡೇರೆಗೆ ಬಂದು ಅದನ್ನೇ ನೀಲವ್ವನಿಗೆ ಗಂಭೀರವಾಗಿ ಹೇಳಿ, “ಈ ಕೆಲಸ ನಂದು. ನೀ ಕೈ ಹಚ್ಚಬ್ಯಾಡ” ಎಂದೆ.

ತಿಂಗಳೊಂದು ಕಳೆಯಿತು. “ಏನ್ರಿ, ಕೊಳವಿ ಯಾವಾಗ ಬಿಚ್ಚತೀರಿ?” ಎಂದು ಅವಳು ಕೇಳುವಳು. “ಐತವಾರ” ಎನ್ನುವೆ. ಯಾವ ಐತವಾರವೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಅಷ್ಟರಲ್ಲಿ ಕುಷ್ಟಗಿಯಿಂದ ಮಾವನವರು ಬಂದರು. ಬಂದವರೇ, “ಅರಿವಿ ಮನಿಯೊಳಗ ನನ್ನ ಮಗಳು ಇರೂದು ಬ್ಯಾಡ್ರಿ. ನಾಳೆ ಕರ್ಕೊಂಡು ಹೋಗತೀನಿ” ಎಂದರು. ಹೇಗಾದರೂ ಅವರ ಮನಸ್ಸು ತಿರುಗಿಸಬೇಕೆಂದುಕೊಂಡೆ. ಸಂಜೆ ನೀಲವ್ವ ನೀರಿಗೆ ಹೋದಾಗ, ಡೇರೆ ಎಷ್ಟು ಸುಖವೆಂದು ತೋರಿಸಲು ಒಲೆಗೆ ಜಾಲಿ ಕಟ್ಟಿಗೆ ತುಂಬಿ, ಬಾಗಿಲನ್ನು ಹಗ್ಗದಿಂದ ಬಿಗಿದೆ.

“ಛಲೋ ಬೆಚ್ಚಗ ಐತ್ರಿ” ಎಂದರು ಮಾವ. ನಾನು ಉಬ್ಬಿದೆ. ತುಸು ಹೊತ್ತಿಗೆ, “ಅಳಿಯಂದ್ರ, ತಲಿ ಯಾಕೋ ಗಿರ್ರ್ ಅಂತೈತಿ” ಎಂದರು. “ಬಂಡಿ ದಾರಿ ದಣಿವ್ರಿ” ಎಂದು ವಿವರಿಸಿದೆ. ಆಮೇಲೆ ಅವರು ಹಾಸಿಗೆಯ ಸುರುಳಿಗೆ ಒರಗಿದರು. ಕರೆದರೆ ಓ ಎನ್ನಲಿಲ್ಲ. ಏಳಲು ಹೋದರೆ ನನ್ನ ಮೊಣಕಾಲು ನನ್ನ ಮಾತು ಕೇಳಲಿಲ್ಲ. ಮಾವನನ್ನು ಕೊಂದ ಅಳಿಯ ಎಂದು ಊರೂರು ಹೇಳುವುದು ಕಿವಿಗೆ ಬಿದ್ದಂತಾಯಿತು.

ನೀಲವ್ವ ಬಂದು ಬಾಗಿಲ ಸಂದಿಯಲ್ಲಿ ಕೈ ತೂರಿಸಿ ಹಗ್ಗ ಬಿಚ್ಚಿದವಳೇ ಕೊಡದ ನೀರನ್ನು ಒಲೆಗೆ ಸುರುವಿ, ತಂದೆಯನ್ನು ರಟ್ಟೆ ಹಿಡಿದು ಬಯಲಿಗೆ ಎಳೆದಳು. ಮರಳಿ ಬಂದು ನನ್ನನ್ನು ಕಾಲು ಹಿಡಿದು ಎಳೆದಳು. “ಅಪ್ಪಾ, ಕಣ್ ತಗೀ!” ಎಂದು ಅವಳು ಕೂಗುತ್ತಿದ್ದಳು. ನಾನು ಕಂಡ ದೇವರಿಗೆಲ್ಲ ಬೇಡಿಕೊಂಡೆ. ತಣ್ಣನೆಯ ಗಾಳಿಗೆ ಮಾವ ಕಡೆಗೂ ಕೆಮ್ಮಿದರು. ಅಷ್ಟು ಇಂಪಾದ ಕೆಮ್ಮನ್ನು ನಾನು ಮತ್ತೆ ಕೇಳಿಲ್ಲ.

ಬೆಳಿಗ್ಗೆ ನೀಲವ್ವ ಕೊಳವೆ ಬಿಚ್ಚಿದಳು. ಗುಬ್ಬಿಗೂಡಿನಷ್ಟು ದಪ್ಪ ಮಸಿ ಉಂಡೆ ಕೆಳಗೆ ಬಿತ್ತು. ಅವಳು ಕೋಲಿಗೆ ಚಿಂದಿ ಸುತ್ತಿ ಕೊಳವೆ ತಿಕ್ಕಿದಳು, ಮಾವ ಹಿಡಿದು ನಿಂತರು. ನಾನು ಮಸಿ ಎತ್ತಿ ಹೊರಗೆ ಚೆಲ್ಲಿದೆ.

ಮಾವ ಕೈ ತೊಳೆದುಕೊಂಡು, “ಯವ್ವಾ ನೀಲಾ, ನಿನ್ನ ಕರ್ಕೊಂಡು ಹೋಗಾಕ ಬಂದಿದ್ದೆ. ಈಗ ಹ್ಯಾಂಗ ಕರ್ಕೊಂಡು ಹೋಗ್ಲಿ? ಇಲ್ಲೇ ಇರು” ಎಂದರು. ಬಂಡಿ ಹತ್ತಿದ ಮೇಲೂ ತಿರುಗಿ, “ಇವ್ರನ್ನ ಒಲಿ ಹತ್ರ ಒಬ್ಬರನ್ನ ಬಿಡಬ್ಯಾಡ, ಹುಷಾರು” ಎಂದರು. ಅಂಬೆಗಾಲಿಡುವ ಮಕ್ಕಳ ಬಗ್ಗೆ ಹೇಳುವ ಮಾತು ಅದು. ಹೆಂಡತಿ ಉಳಿದಳಲ್ಲ ಎಂಬ ಸಂತೋಷದಲ್ಲಿ, ಅವಳಿಗಿಂತ ಮೊದಲು ನಾನೇ “ಹೂನ್ರಿ” ಎಂದುಬಿಟ್ಟೆ.