ನಕ್ಷೆಯೊಳಗಿನ ಕೊಬ್ಬರಿ ಅಟ್ಟವನ್ನು ಅಳಿಸುವ ಕುರಿತು

ಇಲಾಖೆಯ ಉಪವಿಭಾಗ ಕಚೇರಿ, ತಿಪಟೂರು
ಸಂಖ್ಯೆ: ನಕ್ಷೆ/ಬರಹ/ಅಟ್ಟ/17/2002-03
ದಿನಾಂಕ: 14-02-2003

ಸುತ್ತೋಲೆ

ವಿಷಯ: ಗಣಕಯಂತ್ರದಲ್ಲಿ ತಯಾರಾಗುವ ನಕ್ಷೆಗಳ ಒಳಗಿನ ಬರಹ, ಟಿಪ್ಪಣಿ, ಬಾಣದ ಗುರುತು ಇತ್ಯಾದಿಗಳನ್ನು ತಿದ್ದುವ ಬಗ್ಗೆ, ಹಾಗೂ ತಿದ್ದಿದ್ದನ್ನು ಮತ್ತೆ ಮೊದಲಿನಂತೆ ತಿದ್ದುವ ಬಗ್ಗೆ.

ಉಲ್ಲೇಖ:
1. ಕೇಂದ್ರ ಕಚೇರಿಯ ಪತ್ರ: ಮಾದರಿ ಮನೆಯ ನಕ್ಷೆಯಲ್ಲಿ ಗೆರೆಗಳನ್ನು ಮುಟ್ಟಬಾರದು, ಬರಹವನ್ನು ಮಾತ್ರ ಸ್ಥಳೀಯವಾಗಿ ತಿದ್ದಿಕೊಳ್ಳಬಹುದು ಎಂಬುದು.
2. ಕೇಂದ್ರ ಕಚೇರಿಯ ನಂತರದ ಪತ್ರ: ಬರಹವನ್ನು ತಿದ್ದಲು ಹೇಳಿದವರು ಯಾರು ಎಂಬುದು.
3. ತಮ್ಮ ತಲೆಗೆ ಆದ ಪೆಟ್ಟಿನ ಬಗ್ಗೆ ಸಹಾಯಕ ಇಂಜಿನಿಯರ್ ಶ್ರೀ ಯೋಗೀಶ್ ಇವರು ಖುದ್ದಾಗಿ ಸಲ್ಲಿಸಿದ ವರದಿ.

ಪ್ರಸ್ತಾವನೆ:

ಕೇಂದ್ರ ಕಚೇರಿಯಿಂದ ಫ್ಲಾಪಿಯಲ್ಲಿ ಬಂದ ಮಾದರಿ ಮನೆಯ ನಕ್ಷೆಯಲ್ಲಿ, ಅಡುಗೆ ಕೋಣೆಯ ಒಲೆಯ ಮೇಲುಗಡೆ ಒಂದೂವರೆ ಅಡಿ ಅಗಲದ ಸಜ್ಜೆಯೊಂದನ್ನು ತೋರಿಸಿ, 'ಸೂಟ್‌ಕೇಸ್ ಇಡುವ ಜಾಗ' ಎಂದು ಬರೆಯಲಾಗಿತ್ತು. ಒಲೆಯ ಮೇಲೆ ಸೂಟ್‌ಕೇಸ್ ಏಕೆಂಬುದನ್ನು ಕೇಂದ್ರ ಕಚೇರಿ ತಿಳಿಸಿರುವುದಿಲ್ಲ. ಈ ಕಚೇರಿ ಕೇಳಿರುವುದೂ ಇಲ್ಲ.

ಈ ಮನೆ ಮಂಜೂರಾದ ಕಿಬ್ಬನಹಳ್ಳಿಯ ಶ್ರೀಮತಿ ತಿಮ್ಮಕ್ಕ ಇವರ ಬಳಿ ಸೂಟ್‌ಕೇಸ್ ಇರುವುದಿಲ್ಲ, ತೆಂಗಿನ ಮರಗಳಿವೆ. ಕೆಳಗಿನ ಒಲೆಯ ಬಿಸಿಗೆ ಕಾಯಿ ಅಟ್ಟದ ಮೇಲೆ ವರ್ಷದ ತನಕ ಕೂತು ಕೊಬ್ಬರಿಯಾಗುವುದು ಈ ಸೀಮೆಯ ಪದ್ಧತಿ. ಆದಕಾರಣ ಈ ಕಚೇರಿಯ ತಾತ್ಕಾಲಿಕ ನಕ್ಷೆಗಾರ ಶ್ರೀ ಮುಜಮ್ಮಿಲ್ ಇವರು ಗೆರೆಯನ್ನು ಮುಟ್ಟದೆ, ಬರಹವನ್ನು ಮಾತ್ರ 'ಕೊಬ್ಬರಿ ಅಟ್ಟ' ಎಂದು ತಿದ್ದಿರುತ್ತಾರೆ. ಮೇಸ್ತ್ರಿ ಶ್ರೀ ದೊಡ್ಡರಂಗಯ್ಯ ಇವರು ಗೆರೆಯನ್ನು ನೋಡದೆ, ಬರಹವನ್ನು ಮಾತ್ರ ಓದಿ, ಅಡುಗೆ ಕೋಣೆಯ ಉದ್ದಗಲಕ್ಕೂ ಭದ್ರವಾದ ಅಟ್ಟ ಕಟ್ಟಿರುತ್ತಾರೆ. ಸ್ಥಳ ಪರಿಶೀಲನೆಗೆ ಹೋದ ಶ್ರೀ ಯೋಗೀಶ್ ಇವರು ಅಟ್ಟವನ್ನು ಮೊದಲು ತಲೆಯಿಂದ, ಆಮೇಲೆ ಕಣ್ಣಿನಿಂದ ಪರಿಶೀಲಿಸಿರುತ್ತಾರೆ.

ಅಟ್ಟವನ್ನು ತೆಗೆಸಿ, ಬರಹವನ್ನು ಮೊದಲಿನಂತೆ ತಿದ್ದಿಸಿ, ತಿದ್ದಿದ ದಿನವೇ ಶ್ರೀ ಮುಜಮ್ಮಿಲ್ ಇವರನ್ನು ಕೆಲಸದಿಂದ ಬಿಡುಗಡೆ ಮಾಡುವಂತೆ ಕೇಂದ್ರ ಕಚೇರಿಯು ಕೆಲವು ತಿಂಗಳ ಹಿಂದೆ ಆದೇಶಿಸಿದೆ.

ಸದರಿಯವರು ಆದೇಶವನ್ನು ಎರಡು ಸಲ ಓದಿ, ಗಣಕಯಂತ್ರದ ಮುಂದೆ ಕೂತು, ತಾವು ಬರೆದ ಆ ಎರಡು ಪದಗಳನ್ನೇ ನೋಡುತ್ತಿದ್ದುದು ಕಂಡುಬಂದಿದೆ. ತಂದೆಯವರಾದ ಶ್ರೀ ನಜೀರ್ ಅಹಮದ್, ದರ್ಜಿ, ಇವರಿಗೆ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಈಗ ಉಳಿದಿಲ್ಲ. ಮನೆ ನಡೆಯುವುದು ಮಗನ ಈ ಕೆಲಸದಿಂದಲೇ. ಕಾರಣ ಕೇಳಿ ನೀಡಿದ ನೋಟಿಸಿಗೆ ಸದರಿಯವರ ಉತ್ತರ ಇಷ್ಟೇ ಇರುತ್ತದೆ: "ಅವ್ರ ಹತ್ರ ಸೂಟ್‌ಕೇಸ್ ಇಲ್ವಲ್ಲ ಸಾರ್. ಇಲ್ದೇ ಇರೋದನ್ನ ಬರ್ದಿಡೋದು ತಪ್ಪು ಅನ್ನುಸ್ತು." ಇದನ್ನು ಓದಿ ಈ ಕಚೇರಿಗೆ ಬೇಸರವಾಗಿದೆ. ಬೇಸರಕ್ಕೆ ಪ್ರತ್ಯೇಕ ಕಡತ ಇಲ್ಲದಿರುವುದರಿಂದ ಅದನ್ನು 'ಇತರೆ' ಕಡತದಲ್ಲಿ ಇಡಲಾಗಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಎಲ್ಲರೂ ಈ ಕೆಳಗಿನಂತೆ ನಡೆದುಕೊಳ್ಳಲು ಸೂಚಿಸಲಾಗಿದೆ.

1. ನಕ್ಷೆಯ ಬರಹವು ಗೋಡೆಯ ಗೆರೆಯ ಮೇಲೆ ಕೂರತಕ್ಕದ್ದಲ್ಲ. ಕೂತಿದ್ದಲ್ಲಿ ಬರಹವನ್ನು ಸರಿಸತಕ್ಕದ್ದು. ಗೋಡೆಯನ್ನು ಸರಿಸತಕ್ಕದ್ದಲ್ಲ. ಬಿಳಿಗೆರೆ ಗ್ರಾಮದಲ್ಲಿ ಈಗಾಗಲೇ ಸರಿಸಿರುವ ಗೋಡೆಯು ಹಾಗೆಯೇ ಇರತಕ್ಕದ್ದು.

2. ಅಧಿಕಾರಿಗಳ ಹೆಸರಿನ ಅಕ್ಷರಗಳು ಅವರವರ ದರ್ಜೆಗೆ ತಕ್ಕ ಎತ್ತರ ಇರತಕ್ಕದ್ದು. ಮೇಲಧಿಕಾರಿಗಳ ಹೆಸರು ಹಿಡಿಸದೆ ಮನೆಯ ಮೇಲೆ ಬಂದಲ್ಲಿ ಮನೆಯನ್ನು ಚಿಕ್ಕದು ಮಾಡತಕ್ಕದ್ದು.

3. ರಸ್ತೆಯ ಎದುರು ಸಾಲಿನ ಮನೆಗಳಿಗಾಗಿ ಅದೇ ನಕ್ಷೆಯನ್ನು ಮಗುಚಿದಾಗ ಬರಹವೂ ಮಗುಚಿಕೊಳ್ಳುತ್ತದೆ. ಇಂಥ ನಕ್ಷೆಗಳನ್ನು ಕನ್ನಡಿಯಲ್ಲಿ ನೋಡಿ ಓದತಕ್ಕದ್ದು. ಕಚೇರಿಯಲ್ಲಿರುವುದು ಒಂದೇ ಕನ್ನಡಿ. ಬೆಳಿಗ್ಗೆ ಸಿಬ್ಬಂದಿಯು ತಲೆ ಬಾಚಿ ಮುಗಿಸುವ ತನಕ ಎದುರು ಸಾಲಿನ ಮನೆಯವರು ತಮ್ಮ ಮನೆಯ ಬಗ್ಗೆ ವಿಚಾರಿಸತಕ್ಕದ್ದಲ್ಲ.

4. ಕನ್ನಡ ಅಕ್ಷರಗಳನ್ನು ಅಳವಡಿಸದ ಗಣಕಯಂತ್ರದಲ್ಲಿ ತೆರೆದಾಗ ನಕ್ಷೆಯ ಬರಹವೆಲ್ಲ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತದೆ. ನಕ್ಷೆಯು ಇಲಾಖೆಯನ್ನು ಪ್ರಶ್ನಿಸುವುದು ನಡತೆ ನಿಯಮಗಳಿಗೆ ವಿರುದ್ಧವಾಗಿರುತ್ತದೆ. ಅರಳಗುಪ್ಪೆಯ ಇಂಥ ಒಂದು ನಕ್ಷೆಗೆ ಕೇಂದ್ರ ಕಚೇರಿಯು ಮೂರು ಪುಟಗಳ ಸಮಜಾಯಿಷಿಯನ್ನೂ ನೀಡಿದ್ದು, ನಕ್ಷೆಯು ಅದರಿಂದ ತೃಪ್ತಿಗೊಂಡಿಲ್ಲವೆಂದು ತಿಳಿದುಬಂದಿದೆ.

5. ಬಾಣದ ಗುರುತಿನ ತುದಿಯಲ್ಲಿ ಏನಾದರೂ ಇರತಕ್ಕದ್ದು. ಇಲ್ಲದಿದ್ದಲ್ಲಿ ಕಟ್ಟಿಸತಕ್ಕದ್ದು.

6. ಮೇಸ್ತ್ರಿಗಳಿಗೆ ನಕ್ಷೆಯನ್ನು ತೋರಿಸುವಾಗ ಬರಹವನ್ನು ಅಂಗೈಯಿಂದ ಮುಚ್ಚಿಕೊಂಡು ತೋರಿಸತಕ್ಕದ್ದು. ವಿಚಾರಣೆಯ ಕಾಲಕ್ಕೆ ಶ್ರೀ ದೊಡ್ಡರಂಗಯ್ಯ ಇವರು, ಅಟ್ಟ ಎಂದು ಬರೆದ ಮೇಲೆ ಒಂದೂವರೆ ಅಡಿಯ ಸಜ್ಜೆ ಕಟ್ಟಿ ಕೊಟ್ಟರೆ ಕಿಬ್ಬನಹಳ್ಳಿಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆಂದು ಕಚೇರಿಯನ್ನೇ ಕೇಳಿರುತ್ತಾರೆ.

7. ಸಹಾಯಕ ಇಂಜಿನಿಯರುಗಳ ಎತ್ತರವನ್ನು ಮಾದರಿ ನಕ್ಷೆಯಲ್ಲಿ ನಮೂದಿಸಿರುವುದಿಲ್ಲ. ಹೊಸ ಬರಹ ಸೇರಿಸುವ ತನಕ ಶ್ರೀ ಯೋಗೀಶ್ ಇವರು ಫಲಾನುಭವಿಗಳ ಅಡುಗೆ ಕೋಣೆಗಳನ್ನು ಬಗ್ಗಿ ಪ್ರವೇಶಿಸತಕ್ಕದ್ದು. ಇದನ್ನು ಫಲಾನುಭವಿಗಳು ನಮಸ್ಕಾರವೆಂದು ಭಾವಿಸತಕ್ಕದ್ದಲ್ಲ.

8. ಆದೇಶದಂತೆ ಅಟ್ಟವನ್ನು ತೆಗೆಸಲು ಕಿಬ್ಬನಹಳ್ಳಿಗೆ ಹೋದ ತಂಡಕ್ಕೆ ಅಟ್ಟದ ತುಂಬ ಕಾಯಿ ಇರುವುದು ಕಂಡುಬಂದಿದೆ. ಕಾಯಿ ಇಳಿಸುವಂತೆ ತಿಳಿಸಲಾಗಿ, ಶ್ರೀಮತಿ ತಿಮ್ಮಕ್ಕ ಇವರು ಒಂದು ಕಾಯಿಯನ್ನು ಶ್ರೀ ಯೋಗೀಶ್ ಇವರ ಕಿವಿಯ ಬಳಿ ಹಿಡಿದು ಅಲ್ಲಾಡಿಸಿರುತ್ತಾರೆ. ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಒಳಗೆ ನೀರು ಆಡ್ತಾ ಅದೆ, ಕೇಳುಸ್ತೇನಪ್ಪ? ಈಗ್ಲೇ ಇಳುಸುದ್ರೆ ಕೊಬ್ರಿ ಆಗಕಿಲ್ಲ, ಕೆಟ್ಟೋಯ್ತದೆ. ನೀರು ಇಂಗ್ಲಿ, ಆಮೇಲೆ ನೀವು ಅಟ್ಟನಾದ್ರೂ ಕೀಳಿ, ಅಕ್ಷರನಾದ್ರೂ ಕೀಳಿ." ನೀರಿನ ಸದ್ದು ಕೇಳಿಸಿರುವುದನ್ನು ಶ್ರೀ ಯೋಗೀಶ್ ಇವರು ದೃಢೀಕರಿಸಿ ಸಹಿ ಮಾಡಿರುತ್ತಾರೆ.

9. ಆದ್ದರಿಂದ ಶ್ರೀ ಯೋಗೀಶ್ ಇವರು, ಈಗಾಗಲೇ ಮಾಡುತ್ತಿರುವಂತೆ, ಪ್ರತಿ ತಿಂಗಳು ಅಟ್ಟ ಹತ್ತಿ, ಕಾಯಿಗಳನ್ನು ಅಲ್ಲಾಡಿಸಿ, ಸದ್ದಿನ ಬಗ್ಗೆ ವರದಿ ಸಲ್ಲಿಸತಕ್ಕದ್ದು. ಎರಡು ಕಿವಿಗಳ ಅಭಿಪ್ರಾಯ ಬೇರೆಯಾದಲ್ಲಿ ಬಲಗಿವಿಯದೇ ಅಂತಿಮ.

10. ಅಟ್ಟವು ನೆಲದ ಮೇಲಿನ ಮನೆಯಲ್ಲಿ ಇರುವಾಗ ನಕ್ಷೆಯಲ್ಲಿ ಅದನ್ನು ಅಳಿಸುವುದು ಸುಳ್ಳು ದಾಖಲೆಯಾಗುತ್ತದೆ. ಅಟ್ಟ ಇಳಿಯದೆ ಬರಹ ಅಳಿಯದು. ಬರಹ ಅಳಿಯದೆ ಸದರಿ ನಕ್ಷೆಗಾರರ ಬಿಡುಗಡೆ ಆಗದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಸಿಬ್ಬಂದಿಯು ಈ ಸಂದರ್ಭದಲ್ಲಿ ಬಳಸುತ್ತಿರುವುದು ಗಮನಕ್ಕೆ ಬಂದಿದ್ದು, ಕೇಂದ್ರ ಕಚೇರಿಯವರು ಬಂದಾಗ ಬಳಸದಿರಲು ಎಚ್ಚರಿಸಲಾಗಿದೆ.

11. ಜನವರಿಯ ಪರಿಶೀಲನೆಯಲ್ಲಿ ಹಲವು ಕಾಯಿಗಳ ಸದ್ದು ನಿಂತಿದ್ದು, ಅವನ್ನು ಇಳಿಸಿ ಸುಲಿಯಲಾಗಿದೆ. ಆ ದಿನ ಶ್ರೀ ಮುಜಮ್ಮಿಲ್ ಇವರು ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ವಾಪಸು ಒಯ್ದಿರುತ್ತಾರೆ. ಮರುದಿನ ಹೋಗಿ ನೋಡಲಾಗಿ, ಖಾಲಿಯಾದ ಜಾಗಕ್ಕೆ ಶ್ರೀಮತಿ ತಿಮ್ಮಕ್ಕ ಇವರು ಹೊಸ ಕಾಯಿ ತುಂಬಿಸಿದ್ದರು. ಹೀಗೆ ತುಂಬಿಸುವುದನ್ನು ನಿಷೇಧಿಸುವ ನಿಯಮಕ್ಕಾಗಿ ಈ ಕಚೇರಿಯು ಎಲ್ಲ ಕಡತಗಳನ್ನೂ ಹುಡುಕಿದೆ. ಹುಡುಕುವಾಗ ಸಿಗದಿರಲಿ ಎಂದು ಕೆಲವು ಸಿಬ್ಬಂದಿ ಮನಸ್ಸಿನಲ್ಲೇ ಬೇಡಿಕೊಂಡಿರುವುದನ್ನು ಕಚೇರಿ ಕಂಡೂ ಕಾಣದಂತಿದೆ. ನಿಯಮ ಸಿಕ್ಕಿರುವುದಿಲ್ಲ. ಹೊಸ ಕಾಯಿಗಳಲ್ಲಿ ನೀರು ಚೆನ್ನಾಗಿ ಆಡುತ್ತಿರುವುದಾಗಿ ವರದಿಯಾಗಿದೆ.

12. ಕೇಂದ್ರ ಕಚೇರಿಯ ಆದೇಶವನ್ನು ಈ ಕಚೇರಿಯು ಅಕ್ಷರಶಃ ಪಾಲಿಸುತ್ತದೆ. ಈ ಸೀಮೆಯ ತೆಂಗಿನ ಮರಗಳು ಕಾಯಿ ಬಿಡುವುದನ್ನು ನಿಲ್ಲಿಸಿದ ಕೂಡಲೇ, ಒಂದು ದಿನವೂ ತಡಮಾಡದೆ, ಶ್ರೀ ಮುಜಮ್ಮಿಲ್ ಇವರನ್ನು ಕೆಲಸದಿಂದ ಬಿಡುಗಡೆ ಮಾಡತಕ್ಕದ್ದು.

(ಸಹಿ)
ತೋಂಟದಾರ್ಯ
ಉಪವಿಭಾಗಾಧಿಕಾರಿಗಳ ಪರವಾಗಿ ಕಚೇರಿ ಅಧೀಕ್ಷಕರು

ಪ್ರತಿಗಳು:

1. ಕೇಂದ್ರ ಕಚೇರಿಗೆ, ಮಾಹಿತಿಗಾಗಿ. ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳದಿರಲು ಕೋರಿದೆ.
2. ಶ್ರೀ ಯೋಗೀಶ್, ಸಹಾಯಕ ಇಂಜಿನಿಯರ್, ಇವರಿಗೆ, ರುಮಾಲು ಸುತ್ತಿಕೊಂಡು ಪರಿಶೀಲನೆಗೆ ಹೋಗುವ ಸೂಚನೆಯೊಂದಿಗೆ.
3. ಶ್ರೀ ದೊಡ್ಡರಂಗಯ್ಯ, ಮೇಸ್ತ್ರಿ, ಇವರಿಗೆ. ಇದರಲ್ಲಿ ಬರೆದಿರುವ ಯಾವುದನ್ನೂ ಕಟ್ಟತಕ್ಕದ್ದಲ್ಲ.
4. ಶ್ರೀಮತಿ ತಿಮ್ಮಕ್ಕ ಇವರಿಗೆ, ಓದಿ ಹೇಳಲು.
5. ಸೂಚನಾ ಫಲಕಕ್ಕೆ, ಕನ್ನಡಿಯ ಪಕ್ಕ.
6. ಶ್ರೀ ನಜೀರ್ ಅಹಮದ್, ದರ್ಜಿ, ಇವರಿಗೆ, ನಿಶ್ಚಿಂತೆಯಿಂದ ಇರಲು.