ನಾಲ್ಕು ಸಲ ‘ಕೊಡಲಿ’ ಅಂದ ತಪ್ಪಿಗೆ

ಕಾಡಲ್ಲಿ ಬಿಡಾರ ಹೂಡುವವರಿಗೆ ಸಾಮಾನು ಮಾರುವ ಅಂಗಡಿಯ ಆರ್ಡರ್ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಾವೂ, ತಮ್ಮ ಗೋದಾಮೂ, ಅಲ್ಲಿ ಅಲಗು ಮೇಲೆ ಮಾಡಿ ಮಲಗಿರೋ ಸಮಸ್ತ ಸರಕೂ ಕ್ಷೇಮ ಅಂತ ನಂಬಿ, ಎರಡೂ ಕೈ ಜೋಡಿಸಿ, ಆಮೇಲೆ ಬರೆಯೋಕೆ ಅಂತ ಒಂದನ್ನ ಬಿಡಿಸಿ, ಈ ಪತ್ರ ಬರೀತಿದ್ದೀನಿ.

ಮೂವತ್ತೆಂಟು ವರ್ಷದಿಂದ ನಾನು ವರ್ಷಕ್ಕೊಮ್ಮೆ ಕಾಡಿಗೆ ಹೋಗಿ ಗುಡಾರ ಹಾಕ್ತೀನಿ, ಮೂವತ್ತೆಂಟು ವರ್ಷದಿಂದ ನನ್ನ ಹೆಂಡತಿ ಬರಲ್ಲ ಅಂತಾಳೆ. ಈ ಸಲ ಅದೇನು ಅನ್ನಿಸ್ತೋ, ತನ್ನ ಹೊಲಿಗೆ ಅಂಗಡಿಗೆ ಎರಡು ದಿನ ಬೀಗ ಹಾಕಿ ಬರೋಕೆ ಒಪ್ಪಿದಳು. ಆದರೆ ಬೆಳಿಗ್ಗೆ ಎದ್ದ ಕೂಡಲೇ ಬಿಸಿ ಕಾಫಿ ಕೈಗೆ ಬರಬೇಕಂತೆ, “ಬರ್ಲಿಲ್ವೋ, ಇದೇ ಮೊದಲು, ಇದೇ ಕೊನೆ ಕಣ್ರೀ.” ಕಾಫಿಗೆ ಬೆಂಕಿ, ಬೆಂಕಿಗೆ ಸೌದೆ, ಸೌದೆಗೆ ಕೊಡಲಿ ಬೇಕು, ನನ್ನ ಹಳೇದರ ಕಾವು, ಅದೇ ಮರದ ಹಿಡಿ, ಮುರಿದಿತ್ತು. ಹಾಗಾಗಿ ತಮ್ಮ ಫಾರಂ ತುಂಬಿದೆ.

‘ಅಳತೆ’ ಅನ್ನೋ ಜಾಗದಲ್ಲಿ ಒಂದು ಅಂಕಿ ಬರೆದು ತೆಪ್ಪಗಿದ್ದಿದ್ರೆ ನಮ್ಮಪ್ಪನ ಗಂಟೇನೂ ಹೋಗ್ತಿರಲಿಲ್ಲ. ಆದ್ರೆ ಅಚ್ಚುಕೂಟದಲ್ಲಿ ಬೇರೆಯವರ ವಾಕ್ಯ ತಿದ್ದಿ ತಿದ್ದಿ ನಿವೃತ್ತನಾದವನ ಬೆರಳು ಸುಮ್ಮನಿರಬೇಕಲ್ಲ. ‘ಸರಿಯಾದದ್ದು ಕೊಡಲಿ, ಚಿಕ್ಕದಾದರೂ ಕೊಡಲಿ, ದೊಡ್ಡದಾದರೂ ಕೊಡಲಿ, ಒಟ್ಟಿನಲ್ಲಿ ಬೇಗ ಕೊಡಲಿ’ ಅಂತ ಬರೆದೆ. ತಮ್ಮ ಸಿಬ್ಬಂದಿಯ ನಿಷ್ಠೆ ಎಂಥದ್ದು ಅಂದ್ರೆ, ವಾಕ್ಯದಲ್ಲಿದ್ದ ಕೊಡಲಿಗಳನ್ನೆಲ್ಲ ಎಣಿಸಿ, ‘ಸರಿಯಾದದ್ದು’, ‘ಚಿಕ್ಕದು’, ‘ದೊಡ್ಡದು’ ಅಂತ ಚೀಟಿ ಅಂಟಿಸಿ ಮೂರು ಪೆಟ್ಟಿಗೆ ಕಳಿಸಿ, ‘ಬೇಗ ಕೊಡಲಿ ಎಂಬ ಮಾದರಿ ಸದ್ಯ ಸ್ಟಾಕಿಲ್ಲ, ವಿಷಾದಿಸುತ್ತೇವೆ’ ಅಂತ ಒಂದು ಕಾಗದವನ್ನೂ ಇಟ್ಟಿದ್ರು. ಇಷ್ಟು ಶ್ರದ್ಧೆಯಿಂದ ನನ್ನ ಬರಹ ಇದುವರೆಗೂ ಯಾರೂ ಓದಿರಲಿಲ್ಲ.

ಚಿಕ್ಕದು ನನ್ನ ಕನ್ನಡಕದ ಡಬ್ಬಿಗಿಂತ ಎರಡು ಬೆರಳು ಉದ್ದ, ಪೆನ್ಸಿಲ್ ಹೆರೆಯೋಕೆ ಹೇಳಿ ಮಾಡಿಸಿದ್ದು. ದೊಡ್ಡದನ್ನ ನೆಲಕ್ಕೆ ಊರಿದ್ರೆ ನನ್ನ ಹೊಕ್ಕಳು ದಾಟ್ತು. ನಿಂತ ಮರ ಉರುಳಿಸೋಕೆ ಲಾಯಕ್ಕು, ಆದ್ರೆ ನಾವು ಹೋಗೋ ಕಾಡಲ್ಲಿ ಮುಟ್ಟೋಕೆ ಬಿಡೋದು ಬಿದ್ದ ಒಣಕೊಂಬೆಯನ್ನ ಮಾತ್ರ, ಅದೂ ಮಣಿಕಟ್ಟಿನ ಗಾತ್ರದ್ದು. ಮೂರನೇದನ್ನ ಹೆಂಡತಿ ನನ್ನ ಕೈಗಿಟ್ಟು, “ಇದರ ತಲೆ ಅಂಗೈಲಿ ಹಿಡೀರಿ, ಕಾವು ಕಂಕುಳಿಗೆ ಬಂತಾ? ಇದೇ ಸೈಜು. ಕೋಟಾಗಲಿ ಕೊಡಲಿಯಾಗಲಿ, ಮೈ ನೋಡಿ ತಗೋಬೇಕು, ಮೀಸೆ ನೋಡಿ ಅಲ್ಲ” ಅಂದಳು. ಕಾವಿನ ಮೇಲೆ ಶುರುವಾದ ಮಾತಿಗೆ ಕಾವೇರಿತು. ನಾನು ಮೀಸೆ ಪಕ್ಷ. ದೊಡ್ಡದನ್ನ ಹೆಗಲಿಗೇರಿಸಿ, ಚಿಕ್ಕದನ್ನ ಜೇಬಿಗಿಳಿಸಿ ಹೊರಟೆ.

ಕಾಡಲ್ಲಿ ಮೊದಲ ಬೆಳಿಗ್ಗೆ ಅವಳಿನ್ನೂ ಗುಡಾರದಲ್ಲಿ ಮಲಗಿದ್ದಾಗಲೇ ಎದ್ದು ದೊಡ್ಡದನ್ನ ಎತ್ತಿ ಒಂದು ಕೊಂಬೆ ಮೇಲೆ ಬಿಟ್ಟೆ. ಕೊಂಬೆ ಹಾರಿ ಕಾಫಿ ಪಾತ್ರೆಗೆ ಗುದ್ದಿತು, ಅಲಗು ಕೆಳಗಿನ ದಿಮ್ಮಿಯಲ್ಲಿ ಕತ್ತಿನವರೆಗೂ ಇಳಿದು ಕೂತಿತು. ಎಳೆದೆ, ಒದ್ದೆ, ಬೇಡಿಕೊಂಡೆ, ಅಲಗು ಅಲುಗಲಿಲ್ಲ. ಜೇಬಿನದನ್ನ ತೆಗೆದೆ. ಇಂಥದ್ದಕ್ಕೆ ಕೈಗೊಡಲಿ ಅಂತಾರೆ, ಕೈಕೊಡಲಿ ಅನ್ನಬೇಕಿತ್ತು. ಹತ್ತು ಏಟಿಗೆ ಒಂದು ಚಕ್ಕೆ, ಮರಕುಟಿಗ ನೋಡಿದ್ರೂ ಅಯ್ಯೋ ಪಾಪ ಅಂದಿರೋದು. ಕಾಫಿ ಯಾಕೆ ಕೊಡಲಿಲ್ಲ ಅಂದ್ರೆ ಕೊಡಲಿ ಇಲ್ಲ ಅನ್ನೋ ಹಾಗೂ ಇಲ್ಲ, ಎರಡೆರಡು ತಂದಿದ್ದೆ.

ಅಷ್ಟರಲ್ಲಿ ಹೆಂಡತಿ ಹೊರಗೆ ಬಂದಳು. ನನ್ನನ್ನ ನೋಡಿದಳು, ದಿಮ್ಮಿ ನೋಡಿದಳು. ತನ್ನ ಚೀಲದಿಂದ ‘ಸರಿಯಾದದ್ದು’ ತೆಗೆದು, ಮೊಣಕಾಲೂರಿ, ಅಲಗನ್ನ ಕೊಂಬೆಯ ತುದಿಗಿಟ್ಟು ಇನ್ನೊಂದು ಕಟ್ಟಿಗೆಯಿಂದ ಟಕ್ ಟಕ್ ಅಂತ ಬಡಿದು, ಬಟ್ಟೆ ಸೀಳಿದ ಹಾಗೆ ಸೀಳಿದಳು. ಒಲೆ ಹತ್ತಿತು. “ತಗೊಳ್ಳಿ, ಬಿಸಿ ಇದೆ” ಅಂತ ಮೊದಲ ಲೋಟ ನನಗೇ ಕೊಟ್ಟಳು. ಕಾಫಿ ಕೈಗೆ ಬರಬೇಕು ಅಂತ ಷರತ್ತಿತ್ತೇ ಹೊರತು ಯಾರ ಕೈಗೆ ಅಂತ ನಾನು ಕೇಳಿರಲಿಲ್ಲ. ಹೊಗೆ ನೋಡ್ತಾ ಕೂತವಳು, “ಇನ್ನು ವರ್ಷಾ ವರ್ಷಾ ಬರ್ತೀನಿ. ಸೌದೆ ನಂದು, ನೀರು ನಿಮ್ದು” ಅಂತ ತೀರ್ಪು ಕೊಟ್ಟಳು.

ಮಾನ್ಯರೇ, ಮೂವತ್ತೆಂಟು ವರ್ಷದ ಸೌದೆ ಖಾತೆಯ ಪದವಿ ಒಂದು ಲೋಟ ಕಾಫಿಯಲ್ಲಿ ಕರಗಿತು. ಹೊಳೆ ಇರೋದು ಇಳಿಜಾರಿನ ಬುಡದಲ್ಲಿ, ಗುಡಾರ ಇರೋದು ನೆತ್ತಿಯಲ್ಲಿ. ಆದ್ದರಿಂದ ನನ್ನ ಕಂಕುಳಿಗೆ ಬಂದು ಅವಳ ಕಂಕುಳಿಗೆ ಬಾರದ ಒಂದು ಕೊಡಲಿ ತಯಾರಿಸಬೇಕು. ದೊಡ್ಡದನ್ನ ದಿಮ್ಮಿ ಸಮೇತ ವಾಪಸ್ ಪಡೀಬೇಕು, ಇಲ್ಲಾಂದ್ರೆ ಅದರ ಕಾವು ಚಿಗುರಿ ನೆರಳಾಗೋವರೆಗಾದ್ರೂ ಗ್ಯಾರಂಟಿ ಬರೆದುಕೊಡಬೇಕು. ಇದ್ಯಾವುದೂ ಕೈಲಾಗದಿದ್ರೆ ಪರವಾಗಿಲ್ಲ. ಕಾಡಿಗೆ ಇನ್ಮೇಲೆ ಜೋಡಿಯಾಗಿ ಹೋಗ್ತೀವಿ, ಅಷ್ಟು ಸಾಕು. ಕೊಡಲಿ ಬೇಡ, ದಯವಿಟ್ಟು ಒಂದು ಕೊಡ ಕೊಡಿ. ಅಳತೆ ಈ ಸಲ ಅವಳೇ ಬರೆದಿದ್ದಾಳೆ, ಬರೀ ಅಂಕಿ.

ಇಂತು, ಏದುಸಿರು ಬಿಡ್ತಾ,
ತಮ್ಮ ವಿಶ್ವಾಸಿ,
ಸದ್ಯಕ್ಕೆ ನೀರಿನ ಖಾತೆ

ತಾ.ಕ.: ಹೆಂಡತಿಗೆ ಮುಂದಿನ ತಿಂಗಳು ಒಂದು ಗರಗಸ ಬೇಕಂತೆ. ಆ ಪದಕ್ಕೆ ಎರಡನೇ ಅರ್ಥ ನನಗಿನ್ನೂ ಸಿಕ್ಕಿಲ್ಲ. ಅಲ್ಲಿವರೆಗೂ ತಮ್ಮ ಸಿಬ್ಬಂದಿ ನೆಮ್ಮದಿಯಾಗಿ ಓದಬಹುದು.